ಜಡತ್ವದ ಪಾಠದಲ್ಲಿ ಹೆಲಿಕಾಪ್ಟರ್ ಅಪಘಾತ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಾವೆಲ್ಲರೂ ಒಂಬತ್ತನೇ ತರಗತಿಯಲ್ಲಿ ಜಡತ್ವಕ್ಕೆ ಬಸ್ಸಿನ ಉದಾಹರಣೆ ಕೊಡುತ್ತೇವೆ. ಅದರ ಮುಂದುವರಿಕೆಯಾಗಿ ಸೇನಾ ಹೆಲಿಕಾಪ್ಟರ್ ಅಪಘಾತಗಳನ್ನು ಬಳಸಬಹುದು ಎಂಬುದು ನನ್ನ ಸಲಹೆ. ಇಂಥ ಸುದ್ದಿ ಬಂದಾಗ ‘ಪೈಲಟ್ ತಪ್ಪು ಮಾಡಿರಬೇಕು’ ಎಂದು ಮಕ್ಕಳು ಬೇಗ ತೀರ್ಮಾನಿಸುತ್ತಾರೆ. ವಿಜ್ಞಾನದ ಪ್ರಶ್ನೆ ಅಲ್ಲಿಂದಲೇ ಶುರುವಾಗಬೇಕು.

ಕೂನೂರಿನ ಘಟನೆ

2021ರ ಡಿಸೆಂಬರ್ 8ರಂದು ವಾಯುಪಡೆಯ ಎಂಐ-17ವಿ5 ಹೆಲಿಕಾಪ್ಟರ್ ತಮಿಳುನಾಡಿನ ಕೂನೂರು ಬಳಿ ಪತನವಾಯಿತು. ಜನರಲ್ ಬಿಪಿನ್ ರಾವತ್ ಸೇರಿ 13 ಮಂದಿ ಅಂದೇ ಮೃತಪಟ್ಟರು. ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರದ ನಂತರ ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಯಂತ್ರದೋಷ, ವಿಧ್ವಂಸಕ ಕೃತ್ಯ, ನಿರ್ಲಕ್ಷ್ಯ ಯಾವುದೂ ಕಾರಣವಲ್ಲ ಎಂದಿತು ವಾಯುಪಡೆಯ ತನಿಖೆ. ಕಣಿವೆಯಲ್ಲಿ ಹವಾಮಾನ ಹಠಾತ್ತನೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೋಯಿತು, ಪೈಲಟ್‌ಗೆ ದಿಕ್ಕು ಮತ್ತು ಸ್ಥಿತಿಯ ಅರಿವು ತಪ್ಪಿತು. 2024ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ವರದಿಯಲ್ಲಿ ಇದೇ ಅಪಘಾತದ ಮುಂದೆ ‘ಮಾನವ ದೋಷ’ ಎಂದಿದೆ. ಈ ಎರಡು ಪದಗಳ ಒಳಗೆ ಏನಿದೆ ಎಂಬುದೇ ನಮ್ಮ ಪಾಠ.

ಲೋಟದ ಚಟುವಟಿಕೆ

ತಿರುಗುವ ಕುರ್ಚಿಯೊಂದು ಬೇಕು. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಅದರ ನಡುವೆ ನೀರು ತುಂಬಿದ ಲೋಟವಿಟ್ಟು, ಮೇಲೆ ಚಿಟಿಕೆ ಚಹಾಪುಡಿ ಉದುರಿಸಿ. ಕುರ್ಚಿಯನ್ನು ನಿಧಾನವಾಗಿ ತಿರುಗಿಸಿ. ಲೋಟ ತಿರುಗಿದರೂ ಪುಡಿ ಮೊದಲು ಇದ್ದಲ್ಲೇ ಇರುತ್ತದೆ. ಸ್ವಲ್ಪ ಹೊತ್ತಿನ ನಂತರ ನೀರೂ ಲೋಟದ ಜೊತೆ ತಿರುಗತೊಡಗುತ್ತದೆ. ಈಗ ಕುರ್ಚಿ ನಿಲ್ಲಿಸಿದರೆ ಪುಡಿ ತಿರುಗುತ್ತಲೇ ಇರುತ್ತದೆ.

ನಮ್ಮ ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವದ ಕಥೆಯೂ ಹೀಗೆಯೇ. ತಿರುಗುವಿಕೆ ಒಂದೇ ವೇಗದಲ್ಲಿ ಮುಂದುವರಿದರೆ ಕೆಲವೇ ಸೆಕೆಂಡುಗಳಲ್ಲಿ ‘ನಾನು ತಿರುಗುತ್ತಿಲ್ಲ’ ಎನಿಸುತ್ತದೆ. ನಿಂತಾಗ ‘ಎದುರು ದಿಕ್ಕಿಗೆ ತಿರುಗುತ್ತಿದ್ದೇನೆ’ ಎನಿಸುತ್ತದೆ. ನೆಲದ ಮೇಲೆ ಕಣ್ಣು ಈ ತಪ್ಪನ್ನು ತಿದ್ದುತ್ತದೆ. ಮೋಡದೊಳಗೆ ತಿದ್ದಲು ದಿಗಂತವೇ ಕಾಣುವುದಿಲ್ಲ.

ತರಬೇತಿಯ ಪಾತ್ರ

ಆದ್ದರಿಂದಲೇ ಮೈಯ ಅನುಭವವನ್ನು ಬಿಟ್ಟು ಉಪಕರಣ ತೋರಿಸಿದ್ದನ್ನು ನಂಬುವ ಅಭ್ಯಾಸವನ್ನು ಪೈಲಟ್‌ಗಳಿಗೆ ಮಾಡಿಸುತ್ತಾರೆ. ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಈ ಭ್ರಮೆಯನ್ನು ಸಿಮ್ಯುಲೇಟರ್‌ನಲ್ಲಿ, ನೆಲದ ಮೇಲೆಯೇ ಅನುಭವಕ್ಕೆ ತರುತ್ತಾರೆ.

ಎಲ್ಲ ಅಪಘಾತಕ್ಕೂ ಕಾರಣ ಒಂದೇ ಅಲ್ಲ. 2025ರ ಜನವರಿ 5ರಂದು ಪೋರಬಂದರಿನಲ್ಲಿ ತರಬೇತಿ ಹಾರಾಟದಲ್ಲಿದ್ದ ಕರಾವಳಿ ಕಾವಲು ಪಡೆಯ ಧ್ರುವ್ ಹೆಲಿಕಾಪ್ಟರ್ ಬಿದ್ದು ಮೂವರು ತೀರಿಕೊಂಡರು. ಪೈಲಟ್‌ನ ನಿಯಂತ್ರಣವನ್ನು ರೆಕ್ಕೆಗಳಿಗೆ ತಲುಪಿಸುವ ಸ್ವಾಶ್‌ಪ್ಲೇಟ್ ಮುರಿದಿದ್ದು ಪರಿಶೀಲನೆಯಲ್ಲಿ ಕಂಡುಬಂತು. ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ಈ ಮಾದರಿಯ ಹೆಲಿಕಾಪ್ಟರುಗಳ ಹಾರಾಟವನ್ನು ತಿಂಗಳುಗಟ್ಟಲೆ ನಿಲ್ಲಿಸಲಾಯಿತು.

ಮೌಲ್ಯಮಾಪನ

ಕೊನೆಗೆ ಎರಡೂ ಘಟನೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ‘ಮುಂದೆ ಹೀಗಾಗದಿರಲು ಯಾವುದನ್ನು ಬದಲಿಸಬೇಕು?’ ಎಂದು ಕೇಳಿ. ‘ತಪ್ಪು ಯಾರದು?’ ಎಂಬ ಪ್ರಶ್ನೆಗೆ ಒಂದು ಹೆಸರು ಸಿಕ್ಕರೆ ಚರ್ಚೆ ಮುಗಿಯುತ್ತದೆ. ಈ ಪ್ರಶ್ನೆಗೆ ಮಕ್ಕಳು ಹವಾಮಾನ ಮುನ್ಸೂಚನೆ, ಉಪಕರಣ, ತರಬೇತಿ, ಬಿಡಿಭಾಗದ ತಪಾಸಣೆ ಎಂದು ಹಲವು ಉತ್ತರ ಹುಡುಕಬೇಕಾಗುತ್ತದೆ. ಹಾರಾಟ ಸುರಕ್ಷತೆಯ ತನಿಖೆ ಕೇಳುವುದೂ ಇದನ್ನೇ.