ಸಂಚಕಾರದಿಂದ ಡಿಕ್ರಿಯವರೆಗೆ

ಯಾದಗಿರಿ ಕಡೆಯ ಕೊಂಕಲ್ ಸೀಮೆಯಲ್ಲಿ ಹೊಲದ ವ್ಯವಹಾರ ಕುದುರಿದರೆ ಸಂಚಕಾರ ಕೊಟ್ಟು, ಬಾಂಡ್ ಪೇಪರಿನ ಮೇಲೆ ಕರಾರು ಬರೆಸಿ, ಖರೀದಿ ಪತ್ರಕ್ಕೆ ಗಡುವು ಹಾಕಿಕೊಳ್ಳುತ್ತಾರೆ. ಅಷ್ಟರಲ್ಲಿ ಹೊಲದ ಬೆಲೆ ಏರಿದರೆ ಮಾರುವವರ ಮನಸ್ಸು ತಿರುಗುವುದುಂಟು. ಆಗ ಕೊಳ್ಳುವವರಿಗೆ ಸಿಗಬೇಕಾದ್ದು ಕೊಟ್ಟ ದುಡ್ಡೋ, ಹೊಲವೋ?

ಇಂಗ್ಲೆಂಡಿನ ಹಳೆಯ ನ್ಯಾಯಾಲಯಗಳು ಮಾತು ತಪ್ಪಿದವರಿಂದ ನಷ್ಟದ ಹಣವನ್ನಷ್ಟೇ ಕೊಡಿಸುತ್ತಿದ್ದವು. ಒಂದು ಜಮೀನಿಗೆ ಇನ್ನೊಂದು ಸಾಟಿಯಲ್ಲ, ಒಪ್ಪಿದಂತೆ ಬರೆದುಕೊಡಿ ಎಂದು ಆಜ್ಞೆ ಮಾಡಿದ್ದು ಚಾನ್ಸರಿ ನ್ಯಾಯಾಲಯ. 1877ರಲ್ಲಿ ಆ ತತ್ವ ಬ್ರಿಟಿಷ್ ಭಾರತದ ಕಾಯ್ದೆಯಾಯಿತು. ಬರೀ ಕರಾರಿನಿಂದ ಜಮೀನಿನ ಮೇಲೆ ಹಕ್ಕು ಹುಟ್ಟದು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳಿದ್ದರಿಂದ, ಕರಾರು ಹಿಡಿದವರಿಗೆ ದಾವೆಯೇ ದಾರಿಯಾಯಿತು.

ಯಾದಗಿರಿ, ಶಹಾಪುರ, ಸುರಪುರ ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. 1950ರ ಹೈದರಾಬಾದ್ ಗೇಣಿ ಕಾಯ್ದೆ ಸಾಗುವಳಿ ಭೂಮಿಯ ಮಾರಾಟಕ್ಕೆ ಅಧಿಕಾರಿಯ ಮಂಜೂರಾತಿ ಬೇಕೆಂದಿತು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1964ರ ಮಾರ್ಚ್ 1ರಿಂದ ದೇಶದಲ್ಲಿ 1877ರ ಕಾಯ್ದೆಯ ಬದಲು ಹೊಸ ನಿರ್ದಿಷ್ಟ ಪರಿಹಾರ ಕಾಯ್ದೆ ಜಾರಿಗೆ ಬಂತು. ಆದರೂ ಹೊಲವನ್ನೇ ಕೊಡಿಸಬೇಕೆ, ಹಣ ಸಾಕೆ ಎಂಬುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ಮಾತಾಗಿತ್ತು. 2018ರ ಅಕ್ಟೋಬರ್ 1ರಂದು ಜಾರಿಯಾದ ತಿದ್ದುಪಡಿ ಆ ವಿವೇಚನೆಯನ್ನು ತೆಗೆದುಹಾಕಿತು. ಕಾಯ್ದೆಯ ಷರತ್ತುಗಳು ಪೂರೈಸಿದ್ದರೆ ಡಿಕ್ರಿ ಕೊಡಲೇಬೇಕು.

ಷರತ್ತುಗಳೇನೂ ಹಗುರವಲ್ಲ. ಬಾಕಿ ಹಣ ಹೊಂದಿಸಿಕೊಂಡು ಖರೀದಿಗೆ ಸದಾ ತಯಾರಿದ್ದೆ ಎಂದು ವಾದಿ ರುಜುವಾತು ಮಾಡಬೇಕು. ಬಾಯಿಮಾತು ಸಾಲದು, ಬ್ಯಾಂಕಿನ ಲೆಕ್ಕ ಮಾತಾಡಬೇಕು. ಕರಾರಿನಲ್ಲಿ ತಾರೀಖು ಇದ್ದರೆ ಅಂದಿನಿಂದ, ಇಲ್ಲದಿದ್ದರೆ ಎದುರಿನವರು ಒಲ್ಲೆನೆಂದದ್ದು ತಿಳಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು.

ಡಿಕ್ರಿಯಾದ ಮೇಲೂ ಪ್ರತಿವಾದಿ ಬರೆದುಕೊಡದಿದ್ದರೆ ಅಮಲ್ಜಾರಿ ಅರ್ಜಿ ಹಾಕಬೇಕು. ವಾದಿ ಬಾಕಿ ಹಣವನ್ನು ಕೋರ್ಟಿನಲ್ಲಿ ಕಟ್ಟಿ, ಖರೀದಿ ಪತ್ರದ ಕರಡು ಸಲ್ಲಿಸುತ್ತಾರೆ. ತಕರಾರಿದ್ದರೆ ನ್ಯಾಯಾಲಯ ಕೇಳುತ್ತದೆ. ಆಮೇಲೆ ಮಾರಿದವರ ಪರವಾಗಿ ನ್ಯಾಯಾಧೀಶರೋ, ಅವರು ನೇಮಿಸಿದ ಅಧಿಕಾರಿಯೋ ಸಹಿ ಹಾಕುತ್ತಾರೆ. ಆ ಸಹಿಗೆ ಮಾಲೀಕರ ಸಹಿಯಷ್ಟೇ ಬೆಲೆ. ಅದೇ ಪತ್ರ ನೋಂದಣಿಯಾಗಿ, ಪಹಣಿಯಲ್ಲಿ ಹೆಸರು ಬದಲಾಗುತ್ತದೆ.

ಕೊಳ್ಳುವವರಿಗೆ ಇದು ದೊಡ್ಡ ಆಸರೆ. ಆದರೆ ಮದುವೆಗೋ ಆಸ್ಪತ್ರೆಗೋ ಕೈಸಾಲ ಪಡೆದು, ಭದ್ರತೆಗೆಂದು ಮಾರಾಟದ ಕರಾರಿಗೆ ಸಹಿ ಹಾಕುವ ರೈತರಿಗೆ ಇದೇ ಕಾಯ್ದೆ ಉರುಳಾಗಬಲ್ಲದು. ಅದು ಸಾಲದ ಕಾಗದ ಎಂದು ಸಾಬೀತು ಮಾಡುವ ಹೊರೆ ಅವರ ತಲೆಯ ಮೇಲೇ ಬೀಳುತ್ತದೆ. ಸಾಲಕ್ಕೆ ಸಾಲದ ಪತ್ರವನ್ನೇ ಬರೆಯಬೇಕು. ಕರಾರಿನ ಒಂದೊಂದು ಸಾಲನ್ನೂ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬಾರದು.