ನಂದಿಸೇನ ಮುನಿಯ ನಿಸಿಧಿ ಪದ್ಯದ ಛಂದಸ್ಸು ಮತ್ತು ಪಾದವಿಭಾಗ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಮೇಲೆ ನಂದಿಸೇನ ಮುನಿಯ ನಿಸಿಧಿ ಶಾಸನವಿರುವುದು ವಿದ್ವಾಂಸರಿಗೆಲ್ಲ ವಿದಿತವೇ ಆಗಿದೆ. ಇದರ ಕಾಲ ಸುಮಾರು ಕ್ರಿ.ಶ. ೭೦೦. ಸಿರಿ, ರೂಪ, ವಿಭವಗಳ ಅನಿತ್ಯತೆಯನ್ನು ಮನಗಂಡು ಮುನಿಯು ಸಂನ್ಯಸನದಿಂದ ದೇವಲೋಕಕ್ಕೆ ಸಂದುದು ಇದರ ವಸ್ತು. ಇದನ್ನು ಪ್ರತಿಮಾಡುವಾಗ ಮೂರನೆಯ ಪಾದವನ್ನು ಎಲ್ಲಿ ಮುಗಿಸಬೇಕೆಂಬುದು ಇಲ್ಲಿಯ ವಿಚಾರ.

ಪದ್ಯವು ಮಹಾಸ್ರಗ್ಧರಾ ವೃತ್ತದಲ್ಲಿದೆ. ಸ, ತ, ತ, ನ, ಸ, ರ, ರ ಎಂಬ ಏಳು ಗಣಗಳ ಮೇಲೆ ಒಂದು ಗುರು ಬಂದು ಪಾದಕ್ಕೆ ೨೨ ಅಕ್ಷರಗಳಾಗುತ್ತವೆ. ನಾಲ್ಕು ಪಾದಗಳ ಎರಡನೆಯ ಅಕ್ಷರವೂ ರಕಾರ. ಅದರ ಹಿಂದಿನ ಅಕ್ಷರವೆಲ್ಲ ಹ್ರಸ್ವ. ಆದುದರಿಂದ ಇದು ಸಿಂಹಪ್ರಾಸ. ನಾಗವರ್ಮನ ಛಂದೋಂಬುಧಿ ಹುಟ್ಟುವುದಕ್ಕೆ ಸುಮಾರು ಮೂರು ಶತಮಾನಗಳ ಹಿಂದೆಯೇ ಈ ನಿಯಮ ಶಿಲೆಯಲ್ಲಿ ನೆಲೆಗೊಂಡಿತ್ತೆಂಬುದು ಗಮನಾರ್ಹ.

ಮೊದಲನೆಯ ಪಾದದಲ್ಲಿ ಕಾಮನಬಿಲ್ಲು, ಮಿಂಚು, ಮಂಜು ಎಂಬ ಮೂರು ಉಪಮೆಗಳಿವೆ. 'ವೋಲ್' ಎಂಬ ಉಪಮಾವಾಚಕವು ಮೊದಲು 'ಬೋಲೆ' ಎಂದೂ ಅನಂತರ ಎರಡು ಸಲ 'ವೋಲ್' ಎಂದೂ ಬಂದಿದೆ. ಇದರ ಓಕಾರವು ಪಾದದ ೫, ೧೫, ೧೮ನೆಯ ಸ್ಥಾನಗಳಲ್ಲಿ, ಮೂರು ಸಲವೂ ಗುರುವಾಗಿಯೇ ನಿಂತಿದೆ. ಎರಡನೆಯ ಉಪಮೆಗೆ ಒಂಬತ್ತು ಅಕ್ಷರಗಳು ಬೇಕಾದರೆ ಮೂರನೆಯದು ಮೂರೇ ಅಕ್ಷರಗಳಲ್ಲಿ ಮುಗಿಯುತ್ತದೆ. ಕ್ಷಣಿಕತೆಯ ಅರ್ಥಕ್ಕೆ ಈ ಶೀಘ್ರಗತಿ ಪೋಷಕವಾಗಿದೆ.

ಇನ್ನು ಪಾದವಿಭಾಗ. ಮೂರನೆಯ ಪಾದದ ಕೊನೆಯಲ್ಲಿ 'ಗೆಯ್ದು' ಎಂಬ ಕ್ರಿಯಾಪದವೂ ನಾಲ್ಕನೆಯದರ ಮೊದಲಲ್ಲಿ 'ಉರು' ಎಂಬ ವಿಶೇಷಣವೂ ಕೂಡಿ ಸಂಧಿಯಾಗಿವೆ. ಅರ್ಥವನ್ನೇ ನೋಡುವ ಲಿಪಿಕಾರನು ಸಂಧಿಯನ್ನು ಬಿಡಿಸಿ 'ಗೆಯ್ದು' ಎಂಬಲ್ಲಿಯೇ ಪಾದವನ್ನು ನಿಲ್ಲಿಸಬಹುದು. ಆಗಲೂ 'ಉರು' ಎಂಬಲ್ಲಿ ರಕಾರವು ಎರಡನೆಯ ಅಕ್ಷರವೇ ಆಗಿ ಪ್ರಾಸ ಕೆಡುವುದಿಲ್ಲ. ನಾಲ್ಕನೆಯ ಪಾದದ ೨೨ ಅಕ್ಷರಗಳೂ ಸರಿಯಾಗಿಯೇ ಇರುತ್ತವೆ. ಆದರೆ ಮೂರನೆಯ ಪಾದದಲ್ಲಿ ೨೩ ಅಕ್ಷರಗಳಾಗಿ, ಗುರುವಿರಬೇಕಾದ ಕೊನೆಯಲ್ಲಿ ಒಂದು ಲಘು ಹೆಚ್ಚಾಗುತ್ತದೆ. 'ಗೆಯ್' ಎಂಬ ಗುರುವಿನಲ್ಲಿ ಪಾದವನ್ನು ಮುಗಿಸಿ, 'ದುರು' ಎಂದು ಮುಂದಿನದನ್ನು ತೊಡಗಿದರೆ ಮಾತ್ರ ಗಣವೂ ಪ್ರಾಸವೂ ಒಟ್ಟಿಗೆ ಉಳಿಯುತ್ತವೆ.

ಆದ್ದರಿಂದ ಪಾದನಿರ್ಣಯಕ್ಕೆ ಪ್ರಾಸವೊಂದೇ ಸಾಲದು, ಗಣಪರೀಕ್ಷೆಯೂ ಅವಶ್ಯ. ಹಾಸನ, ಹೊಳೆನರಸೀಪುರ, ಅರಕಲಗೂಡು ಸೀಮೆಗಳ ಶಾಸನಪದ್ಯಗಳನ್ನಾಗಲಿ, ಬಸದಿಗಳ ಓಲೆಗರಿಗಳನ್ನಾಗಲಿ ಪರಿಷ್ಕರಿಸುವವರು, ಪಾಠವನ್ನು ತಿದ್ದುವ ಮೊದಲು ಅಕ್ಷರಗಳನ್ನು ಎಣಿಸುವುದು ಒಳಿತು. ಇಲ್ಲವಾದರೆ ಸುಮಾರು ಹದಿಮೂರು ಶತಮಾನ ಕಲ್ಲಿನಲ್ಲಿ ಕೆಡದೆ ಉಳಿದ ಪದ್ಯವು ನಮ್ಮ ಪ್ರತಿಯಲ್ಲಿ ಕೆಟ್ಟೀತು.