ಸೌದೆ, ಸಗಣಿ, ಸಂಶೋಧನೆ

ವಿಶ್ವವಿದ್ಯಾಲಯದ ವಿದ್ಯೆ ಹಳ್ಳಿಗೆ ಹೋಗಬೇಕು ಎಂಬ ಮಾತಿಗೆ ಯಾರ ತಕರಾರೂ ಇಲ್ಲ. ಆದರೆ ಹಳ್ಳಿಯ ಪ್ರಶ್ನೆ ಮೊದಲು ವಿಶ್ವವಿದ್ಯಾಲಯಕ್ಕೆ ಬರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಹೋದ್ಯೋಗಿಗಳು ಕಟ್ಟಿದ ‘ಅಸ್ತ್ರ’ ಎಂಬ ತಂಡ ಈ ಮಾತಿಗೆ ಸಾಕ್ಷಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದ ಈ ತಂಡ ಸುತ್ತಲಿನ ಹಳ್ಳಿಗಳಲ್ಲಿ ಲೆಕ್ಕ ಹಾಕಲು ಕೂತಿತು: ಮನೆಯೊಂದು ಎಷ್ಟು ಸೌದೆ ಉರಿಸುತ್ತದೆ, ಅದನ್ನು ಯಾರು ಎಲ್ಲಿಂದ ಹೊತ್ತು ತರುತ್ತಾರೆ, ನೀರಿಗೆ ಎಷ್ಟು ಹೊತ್ತು ಹೋಗುತ್ತದೆ. ಊರು ಬಳಸುವ ಶಕ್ತಿಯ ಬಹುಪಾಲು ಸೌದೆಯಾಗಿ ಅಡುಗೆಮನೆಯಲ್ಲೇ ಉರಿದುಹೋಗುತ್ತಿತ್ತು. ಆ ಹೊರೆ ಹೆಚ್ಚಾಗಿ ಹೆಂಗಸರು, ಮಕ್ಕಳ ತಲೆಯ ಮೇಲಿತ್ತು. ತಂಡ ರೂಪಿಸಿದ ‘ಅಸ್ತ್ರ ಒಲೆ’ಯ ಹಿಂದಿದ್ದದ್ದು ಈ ತಿಳಿವಳಿಕೆ. ಮೂರು ಪಾತ್ರೆ ಕೂರುವ ಮಣ್ಣಿನ ಒಲೆ, ಸೌದೆಯಡಿ ಗಾಳಿಯಾಡಲು ಜಾಲರಿ, ಹೊಗೆಯನ್ನು ಸೂರಿನಾಚೆ ಒಯ್ಯುವ ಕೊಳವೆ.

ಅದೇ ತಾಲ್ಲೂಕಿನ ಪುರ ಎಂಬ ಪುಟ್ಟ ಊರು ವಿಜ್ಞಾನಿಗಳನ್ನೇ ತಿದ್ದಿತು. ಊರಿನ ಸಗಣಿಯಿಂದ ಎಲ್ಲರ ಅಡುಗೆಗೂ ಗೋಬರ್ ಗ್ಯಾಸ್ ಕೊಡುವುದು ಮೊದಲ ಯೋಚನೆ. ಅಷ್ಟು ಸಗಣಿ ಸಿಗಲಿಲ್ಲ. ಜನರಿಗೆ ತುರ್ತಾಗಿ ಬೇಕಿದ್ದದ್ದೂ ಕುಡಿಯುವ ನೀರು. ಹಾಗಾಗಿ 1987ರ ಹೊತ್ತಿಗೆ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗೂ ಬೆಳಕನ್ನು ಮನೆಗೂ ತಂದರು. ಮನೆಯವರು ಸಗಣಿ ತಂದು ತೂಕ ಮಾಡಿಸುತ್ತಿದ್ದರು, ಅದಕ್ಕೆ ಕೂಲಿ ಪಡೆಯುತ್ತಿದ್ದರು. ಅನಿಲ ತೆಗೆದು ಉಳಿದ ಬಗ್ಗಡ ಗೊಬ್ಬರವಾಗಿ ಅವರಿಗೇ ಮರಳುತ್ತಿತ್ತು. ಗೊಬ್ಬರವೂ ಕೈತಪ್ಪದು, ನೀರೂ ಸಿಗುವುದು ಎಂಬ ಈ ಏರ್ಪಾಡು ಯಂತ್ರದಷ್ಟೇ ಮುಖ್ಯವಾದ ಸಂಶೋಧನೆ.

ಒಲೆ ಕಟ್ಟುವುದು ವಿಜ್ಞಾನ ಸಂಸ್ಥೆಯ ಕೆಲಸವೇ ಎಂದು ಕೇಳಬಹುದು. ಉರಿ, ಗಾಳಿ, ಶಾಖಗಳ ಲೆಕ್ಕ ಮಣ್ಣಿನ ಒಲೆಯಲ್ಲಿ ಸುಲಭವಾಗುವುದಿಲ್ಲ. ಜೊತೆಗೆ ಹಸಿ ಸೌದೆಗೂ, ಅಡುಗೆ ಮಾಡುವವರ ಕೈಗೂ ಒಲೆ ಹೊಂದಬೇಕು. ಪುರದ ಗೋಬರ್ ಗ್ಯಾಸ್ ಸ್ಥಾವರ ಸುಮಾರು ಒಂದು ದಶಕ ನಡೆದು ನಿಂತಿತಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಿಂತದ್ದು ನಿಜ, ಅದನ್ನು ಮುಚ್ಚಿಡಬಾರದು. ಯಂತ್ರ ಕೂಡಿಸಿ ಬಂದರೆ ಕೆಲಸ ಮುಗಿಯದು. ದುರಸ್ತಿ, ಹಣ, ಊರಿನ ಒಗ್ಗಟ್ಟು ಇವುಗಳನ್ನು ವರ್ಷಗಟ್ಟಲೆ ಕಾಯುವ ವ್ಯವಸ್ಥೆಯೂ ಬೇಕು ಎಂಬುದು ಅಲ್ಲಿನ ಪಾಠ. ಅದಕ್ಕೇ ವಿಸ್ತರಣೆಯನ್ನು ಸಂಶೋಧನೆ ಮುಗಿದ ಮೇಲಿನ ಪ್ರಚಾರವೆಂದು ಎಣಿಸಬಾರದು. ಸಗಣಿ ಸಾಲದು ಎಂಬ ಸತ್ಯ ಗೊತ್ತಾದದ್ದು ಪುರದ ಕೊಟ್ಟಿಗೆಗಳಲ್ಲಿ.